ಕಪ್ಪು ಅರಗಿನ ಪತ್ರ

ಶಾಂತವ್ವ ಒಂದೇ ದಿನ ಎರಡನೇ ಸಲ ತಲೆಗೆ ನೀರು ಹಾಕಿಕೊಂಡು ಕೂತಿದ್ದನ್ನು ಕಂಡಾಗಲೇ ಇಂಚರಾಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವಳು ಡಾಕ್ಟರ ಹತ್ತಿರ ಹೋಗಿಬಂದ ಖುಷಿಯಲ್ಲಿದ್ದಳು. ಐದು ತಿಂಗಳು ತುಂಬಿತ್ತು, ಮಗುವಿನ ಎದೆಬಡಿತ ಚೆನ್ನಾಗಿದೆ ಎಂದಿದ್ದರು. ಹಿಂದೆ ಎರಡು ಸಲ ಮೂರನೇ ತಿಂಗಳಿಗೇ ಕೈತಪ್ಪಿ ಹೋದದ್ದನ್ನು ಅನುಭವಿಸಿದವಳಿಗೆ ಆ ಮಾತು ಸಾಕಾಗಿತ್ತು. ಗ್ಯಾರೇಜಿನಿಂದ ಒಳಗೆ ಬಂದವಳು ಅತ್ತೆಯ ಒದ್ದೆ ಕೂದಲು ನೋಡಿ, "ತುಂಬಾ ಸೆಖೆ ಅಲ್ವಾ ಅತ್ತೆ" ಅಂದಳು. ಟೆಕ್ಸಾಸಿನ ರೌಂಡ್ ರಾಕ್‌ನ ಸೆಪ್ಟೆಂಬರಿನಲ್ಲಿ ಅದು ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಆಮೇಲೆ ನೀರು ಕುಡಿಯಲು ಡೈನಿಂಗ್ ಟೇಬಲ್ಲಿನ ಹತ್ತಿರ ಹೋದಳು. ಬೆಳಿಗ್ಗೆ ಅಲ್ಲಿ ಇಟ್ಟುಹೋಗಿದ್ದ ಫೋಲ್ಡರ್ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ.

"ಅತ್ತೆ, ಇಲ್ಲೊಂದು ಹಳೇ ಪತ್ರ ಇತ್ತಲ್ಲ. ನೋಡಿದ್ರಾ?"

"ನೋಡಿದೆ. ಹರದ್ ಒಗದೆ."

"ಏನಂದ್ರಿ?"

"ಸಾವಿನ ಪತ್ರ ಅಲ್ಲೇನವಾ ಅದು? ಸುತ್ತ ಕರೀ ಅಂಚ ಇತ್ತು, ಮ್ಯಾಲೆ ಕರೀ ಅರಗಿನ ಮುದ್ರಿ ಇತ್ತು. ಬಸರಿ ಹೆಂಗಸ ಇರೂ ಮನ್ಯಾಗ ಅಂಥಾದ್ದ ಇಟ್ಕೋತಾರೇನು? ಹೊರಗ ಒಯ್ದು ಸಣ್ಣಂಗ ಹರದು ಗಟಾರದಾಗ ಹಾಕಿ, ಎರಡ ಬಕೀಟ ನೀರ ಸುರದ ಬಂದೆ. ಆಮ್ಯಾಲೆ ಜಳಕಾ ಮಾಡಿದೆ. ನೀ ಏನೂ ಮುಟ್ಟಬ್ಯಾಡ, ಮುಗೀತದು."

ಇಂಚರಾ ಕುರ್ಚಿ ಹಿಡಿದು ಕೂತಳು. ಒಂದಕ್ಷರ ಜರ್ಮನ್ ಬಾರದ ಈ ಗದಗಿನ ಹೆಂಗಸು, ಸೊಸೆಯ ಬಸಿರು ಬಾಣಂತನಕ್ಕೆಂದು ಬಂದು ಹತ್ತೇ ದಿನವಾಗಿತ್ತು, ಆ ಪತ್ರ ಏನೆಂದು ಒಂದೇ ನೋಟಕ್ಕೆ ಹೇಳಿಬಿಟ್ಟಿದ್ದಳು. ತಪ್ಪು ಓದಿದ್ದರೆ ಬೈಯಬಹುದಿತ್ತು. ಅವಳು ಓದಿದ್ದು ಸರಿಯಾಗಿಯೇ ಇತ್ತು.

ಆ ಪತ್ರದ ಕತೆ ಇಷ್ಟು. ಇನ್ನೂರು ವರ್ಷಕ್ಕೂ ಹಿಂದೆ, ವೈಮಾರ್ ಎಂಬ ಪುಟ್ಟ ಊರಿನಲ್ಲಿ ಜರ್ಮನ್ ಕವಿಗಳೂ ನಾಟಕಕಾರರೂ ಗುಂಪುಗೂಡಿದ್ದ ಕಾಲದಲ್ಲಿ, ಅಲ್ಲಿ ಡೊರೊತೆಯಾ ಎಂಬ ವಿಧವೆ ಇದ್ದಳು. ಕವಿಗಳು ಗೀಚಿ, ಹೊಡೆದುಹಾಕಿ, ಮತ್ತೆ ಗೀಚಿದ್ದನ್ನೆಲ್ಲ ಮುದ್ರಣಕ್ಕೆ ಹೋಗುವ ಹಾಗೆ ಅಂದವಾಗಿ ನಕಲು ಮಾಡಿಕೊಡುವುದು ಅವಳ ಕೆಲಸ. ೧೮೦೬ರಲ್ಲಿ ಯುದ್ಧ ಬಂತು, ಊರು ಲೂಟಿಯಾಯಿತು, ಕವಿತೆ ಬರೆಸುವವರಿಲ್ಲವಾದರು. ಡೊರೊತೆಯಾ ಆರು ವರ್ಷದ ಮಗಳು ಲೂಯಿಸಾಳನ್ನು ಗೆಳತಿ ಹೆನ್ರಿಯೆಟ್ಟೆಯ ಮನೆಯಲ್ಲಿ ಬಿಟ್ಟು, ಮೂರು ತಿಂಗಳಲ್ಲಿ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹ್ಯಾಂಬರ್ಗಿಗೆ ಹೋದಳು. ಅಲ್ಲಿ ಒಬ್ಬ ವರ್ತಕನ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಆ ವರ್ತಕನನ್ನೇ ಮದುವೆಯಾದಳು. ತನಗೊಬ್ಬ ಮಗಳಿದ್ದಾಳೆಂದು ಅವನಿಗೆ ಹೇಳಿರಲಿಲ್ಲ. ಮೂರು ತಿಂಗಳು ಮೂರು ವರ್ಷವಾಯಿತು.

ಆ ಮೂರು ವರ್ಷದಲ್ಲಿ ಹೆನ್ರಿಯೆಟ್ಟೆ ಬರೆದದ್ದು ನಲವತ್ತು ಪತ್ರ. ಯಾರ ಮನೆಯ ಚಹಾಕೂಟದಲ್ಲಿ ಯಾರು ಹೊಸ ಪದ್ಯ ಓದಿದರು, ಯಾರು ಯಾರ ಮೇಲೆ ಮುನಿಸಿಕೊಂಡು ಎದ್ದುಹೋದರು, ಯಾವ ದೊಡ್ಡ ಮನುಷ್ಯ ನಾಟಕದ ನಡುವೆ ಗೊರಕೆ ಹೊಡೆದ, ಎಲ್ಲ ಇತ್ತು. ಪ್ರತಿ ಪತ್ರದ ಕೊನೆಗೂ ಎರಡು ಸಾಲು ಲೂಯಿಸಾಳ ಬಗ್ಗೆ. ಹಲ್ಲು ಬಿದ್ದಿತು. ಕೆಮ್ಮು ಕಡಿಮೆಯಾಗಿದೆ. ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ಜೊತೆಗೆ ಹೆನ್ರಿಯೆಟ್ಟೆಯ ಮುದಿ ಗಂಡನ ಕಾಯಿಲೆಯ ವರದಿ. ೧೮೦೯ರ ವಸಂತದಲ್ಲಿ ನಲವತ್ತೊಂದನೆಯ ಪತ್ರ ಬಂತು, ಕಪ್ಪು ಅಂಚಿನ ಕಾಗದದಲ್ಲಿ, ಕಪ್ಪು ಅರಗಿನ ಮೊಹರಿನೊಂದಿಗೆ. ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ಅದರ ಅರ್ಥ. ಮುದುಕನೋ, ಮಗುವೋ? ಡೊರೊತೆಯಾ ಪತ್ರ ಒಡೆಯಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ಅಲ್ಲಿಂದ ಮುಂದೆ ಪತ್ರಗಳೇ ನಿಂತವು.

ಅರವತ್ತೈದನೆಯ ವಯಸ್ಸಿನಲ್ಲಿ ಮಗನ ಸಂಸಾರದ ಜೊತೆ ಹಡಗು ಹತ್ತಿ ಟೆಕ್ಸಾಸಿಗೆ ಬಂದಾಗಲೂ ಆ ಪತ್ರ ಅವಳ ಪೆಟ್ಟಿಗೆಯಲ್ಲಿತ್ತು. ಸಾಯುವಾಗ ಸೊಸೆಯ ಕೈಗೆ ಕೊಟ್ಟು, ಒಡೆಯಬಾರದು, ಬಿಸಾಡಲೂ ಬಾರದು ಎಂದಳಂತೆ. ಹೀಗೆ ಹೆಂಗಸಿನಿಂದ ಹೆಂಗಸಿಗೆ ಇಳಿದು ಪೆಟ್ಟಿಗೆ ಕೊನೆಗೆ ವಿಲ್ಮಾಳ ಹತ್ತಿರ ಬಂದು ನಿಂತಿತು. ತೊಂಬತ್ತೊಂದು ವರ್ಷದ ವಿಲ್ಮಾಳಿಗೆ ಮಕ್ಕಳಿಲ್ಲ. ಕೊಡಲು ಮುಂದೆ ಯಾರೂ ಇಲ್ಲ.

ಇಂಚರಾ ಮೈಸೂರಿನವಳು, ಬೆಂಗಳೂರಿನಲ್ಲಿ ಜರ್ಮನ್ ಕಲಿತು ಅನುವಾದದ ಕೆಲಸ ಮಾಡಿದವಳು. ಗಂಡನ ವೀಸಾದ ಮೇಲೆ ಬಂದಿದ್ದರಿಂದ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಹೊತ್ತು ಹೋಗಲಿ ಎಂದು ಇಂದಿನ ಜರ್ಮನರೇ ಓದಲಾರದ ಹಳೆಯ ಕೈಬರಹವನ್ನು ಎರಡು ವರ್ಷ ಕೂತು ಕಲಿತಳು. ಹಳೆಯ ಜರ್ಮನ್ ಪತ್ರಗಳನ್ನು ಉಚಿತವಾಗಿ ಓದಿಕೊಡುತ್ತೇನೆ ಎಂದು ಲೈಬ್ರರಿಯಲ್ಲಿ ಚೀಟಿ ಅಂಟಿಸಿದಳು. ಅದನ್ನು ನೋಡಿ ಫೋನ್ ಮಾಡಿದ್ದು ವಿಲ್ಮಾ ಒಬ್ಬಳೇ. ನಲವತ್ತು ಪತ್ರ ಓದಿ, ಬರೆದು, ಅನುವಾದಿಸಿ ಮುಗಿಸಲು ಇಂಚರಾಳಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮುದುಕಿಯ ಕಣ್ಣು ಹೋಯಿತು, ಶ್ವಾಸಕೋಶ ಕೈಕೊಟ್ಟಿತು, ಅಣ್ಣನ ಮಗ ಬಂದು ಅವಳನ್ನು ಹೂಸ್ಟನ್ನಿನ ನರ್ಸಿಂಗ್ ಹೋಮಿಗೆ ಸೇರಿಸಿದ.

"ನಲವತ್ತೊಂದನೆಯದನ್ನು ನನ್ನ ಎದುರಿಗೇ ಒಡೆಯಬೇಕು," ಎಂದು ವಿಲ್ಮಾ ಹೇಳಿದ್ದಳು. "ಅದರಲ್ಲಿ ಏನಿದೆ ಅಂತ ಕೇಳಿಕೊಂಡೇ ನಾನು ಸಾಯುತ್ತೇನೆ. ಉಳಿದದ್ದೆಲ್ಲ ಲೈಬ್ರರಿಗೆ ಕೊಡು."

ಆ ದಿನ ಬೆಳಿಗ್ಗೆ ನರ್ಸ್ ಫೋನ್ ಮಾಡಿ, ಈ ಶನಿವಾರವೇ ಬನ್ನಿ, ಮುಂದಿನ ವಾರ ಹೇಗೋ ಏನೋ ಅಂದಿದ್ದಳು. ಅದಕ್ಕೇ ಇಂಚರಾ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಫೋಲ್ಡರಿಗೆ ಹಾಕಿದ್ದು. ಮೊಹರು ಒಂದು ಬದಿಗೆ ಸ್ವಲ್ಪ ಕರಗಿ ಹರಡಿದಂತಿತ್ತು. ಟೆಕ್ಸಾಸಿನ ಬಿಸಿಲು ಏನನ್ನು ತಾನೇ ಬಿಟ್ಟೀತು ಎಂದುಕೊಂಡಳು. ಡಾಕ್ಟರಿಗೆ ತಡವಾಗುತ್ತಿತ್ತು. ಒಂದು ಫೋಟೋ ಕೂಡ ತೆಗೆದುಕೊಳ್ಳದೆ ಹೊರಟುಹೋದಳು.

ಅತ್ತೆಗೆ ಇವೆಲ್ಲ ಏನು ತಿಳಿಯುತ್ತದೆ ಎಂದು ಈ ಹತ್ತು ದಿನದಲ್ಲಿ ಪತ್ರಗಳ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಓದಿದವರ ಜಂಬ ಇದು. ಅದಕ್ಕೆ ತೆರಬೇಕಾದದ್ದನ್ನು ಇಂಚರಾ ಮುಂದೆ ತೆತ್ತಳು.

ಹೊಟ್ಟೆ ಹಿಡಿದುಕೊಂಡು ರಸ್ತೆ ಬದಿಯ ಮಳೆನೀರಿನ ಗಟಾರದ ಮುಂದೆ ಮಂಡಿಯೂರಿದಳು. ಎದುರು ಮನೆಯವನು ನಾಯಿ ಹಿಡಿದುಕೊಂಡು ನಿಂತು, ಎಲ್ಲ ಸರಿಯಿದೆಯಾ ಎಂದು ಕೇಳಿದ. ಉಂಗುರ ಬಿತ್ತು ಅಂದಳು. ಅತ್ತೆ ಸುರಿದ ನೀರು ಪಾಪ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಚೂರುಗಳೆಲ್ಲ ಒಳಗೆ ಇಳಿದುಹೋಗಿದ್ದವು. ಕಬ್ಬಿಣದ ಕಂಬಿಗೆ ಅಂಟಿದ್ದ ಒಣ ಎಲೆಗಳ ನಡುವೆ ಒಂದೇ ಒಂದು ಸಿಕ್ಕಿತು, ರೂಪಾಯಿ ನಾಣ್ಯದಷ್ಟಗಲದ ಕಪ್ಪು ಅರಗು, ಅದರ ಬೆನ್ನಿಗೆ ಹೆಬ್ಬೆರಳಷ್ಟು ಬರಿಯ ಕಾಗದ. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಸಂಜೆ ಡಲ್ಲಾಸಿನಿಂದ ಗಂಡ ಶಮಂತ್ ಫೋನ್ ಮಾಡಿದ. ಆಫೀಸಿನ ಕೆಲಸಕ್ಕೆ ಅವನು ಸೋಮವಾರ ಹೋದರೆ ಶುಕ್ರವಾರ ಬರುವವನು. ಎಲ್ಲ ಕೇಳಿಸಿಕೊಂಡ.

"ಅವ್ವಗ ಏನೂ ಅನಬ್ಯಾಡ," ಅಂದ. "ಆ ಮುದುಕಿಗೆ ಕಳದುಹೋತು ಅಂತ ಹೇಳಿಬಿಡು."

"ಇನ್ನೂರು ವರ್ಷ ಕಳೆದುಹೋಗದೆ ಇದ್ದಿದ್ದು ನನ್ನ ಡೈನಿಂಗ್ ಟೇಬಲ್ ಮೇಲೆ ಕಳೆದುಹೋಯ್ತು ಅಂತ ಹೇಳ್ಲಾ?"

"ಇಂಚರಾ, ಅದು ಕಾಗದ. ನಿನ್ನ ತಬ್ಯತ್ ನೋಡ್ಕೋ."

ಅವಳು ಫೋನ್ ಇಟ್ಟಳು. ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ಶಾಂತವ್ವ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ತಟ್ಟೆ ಮುಂದಿಟ್ಟು ಎದ್ದುಹೋಗುತ್ತಿದ್ದಳು. ಗುರುವಾರ ಸಂಜೆ ಸೊಸೆ ಊಟ ಬಿಟ್ಟು ಏಳುವುದನ್ನು ನೋಡಿ ಎದುರಿಗೆ ಬಂದು ಕೂತಳು.

"ನನ್ನ ಮ್ಯಾಲೆ ಸಿಟ್ಟ ಐತಿ ನಿನಗ. ಇರಲಿ. ಒಂದು ಮಾತ ಕೇಳು. ನನ್ನ ಲಗ್ನಾಗಿ ಎರಡನೇ ವರ್ಷ, ನಮ್ಮ ಮಾವನ ತಂಗಿ ಸತ್ಲು ಅಂತ ಕಾರ್ಡ್ ಬಂತು. ಮೂಲ್ಯಾಗ ಕರೀ ಮಸಿ ಹಚ್ಚಿದ್ರು. ಅಂಥಾ ಪತ್ರ ಹೊಸ್ತಿಲ ಹೊರಗ ಓದಿ ಹರೀಬೇಕು. ನಮ್ಮ ಮಾವ ಅಳಕೋಂತ ಅದನ್ನ ತೊಲಿ ಸಂದ್ಯಾಗ ಸಿಗಿಸಿ ಮರತುಬಿಟ್ರು. ಆ ವರ್ಷ ನನ್ನ ಮಗಳು ಹೋತು. ಹನ್ನೊಂದು ತಿಂಗಳದ್ದು. ಮನಿ ಸುಣ್ಣ ಹಚ್ಚೂ ಮುಂದ ಆ ಕಾರ್ಡ್ ಸಿಕ್ತು."

ಇಂಚರಾ ತಲೆಯೆತ್ತಿದಳು. ಶಮಂತನಿಗೆ ಒಬ್ಬ ಅಕ್ಕ ಇದ್ದಳೆಂದು ಆ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ.

"ಶಮಂತಗ ಗೊತ್ತಿಲ್ಲ," ಅಂದಳು ಶಾಂತವ್ವ. "ಹೇಳಬ್ಯಾಡ. ನಿನ್ನ ಮುಂದ ಇದ ಮೊದಲನೇ ಸಲ ಹೇಳಾಕತ್ತೀನಿ."

ಸಿಟ್ಟು ಹೋಗಲಿಲ್ಲ. ಅದನ್ನು ಯಾರ ಮೇಲೆ ಇಳಿಸಬೇಕೋ ಅದು ಮಾತ್ರ ತಿಳಿಯದೆ ಹೋಯಿತು. ಇಂಚರಾ ತಟ್ಟೆ ಹತ್ತಿರ ಎಳೆದುಕೊಂಡು ಉಂಡಳು.

ಶುಕ್ರವಾರ ಬೆಳಿಗ್ಗೆ ಅವಳು ನಲವತ್ತೊಂದನೆಯ ಪತ್ರ ಬರೆದಳು. ಮುದುಕಿಯ ಸಮಾಧಾನಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಸಾಯುತ್ತಿರುವವಳ ಹಾಸಿಗೆಯ ಪಕ್ಕ ನಿಂತು ಹರಿದುಹೋಯಿತು ಎನ್ನುವ ಧೈರ್ಯ ಅವಳಿಗೆ ಇರಲಿಲ್ಲ, ಅದು ಇನ್ನರ್ಧ. ನಲವತ್ತು ಪತ್ರಗಳಲ್ಲಿ ಮುಳುಗೆದ್ದವಳಿಗೆ ಹೆನ್ರಿಯೆಟ್ಟೆಯ ಧಾಟಿ ಕೈಗೇ ಬಂದುಬಿಟ್ಟಿತ್ತು. ಮೊದಲು ಹವೆಯ ಮೇಲೆ ಒಂದು ದೂರು, ಆಮೇಲೆ ನಿನ್ನ ಅಂದದ ಬರಹವಿಲ್ಲದೆ ನಮ್ಮ ಕವಿಗಳೆಲ್ಲ ಪರದಾಡುತ್ತಿದ್ದಾರೆ ಎಂಬ ಕುಟುಕು, ಆಮೇಲೆ ವಿಷಯ. ಗಂಡ ತೀರಿಕೊಂಡ, ನಿದ್ದೆಯಲ್ಲೇ ಹೋದ. ಲೂಯಿಸಾ ಚೆನ್ನಾಗಿದ್ದಾಳೆ. ನಿನ್ನ ಭುಜದವರೆಗೆ ಬರುವಷ್ಟು ಎತ್ತರವಾಗಿದ್ದಾಳೆ. ಈ ದುಃಖದ ಮನೆಯಲ್ಲಿ ನನಗೆ ಉಳಿದಿರುವ ಬೆಳಕು ಅವಳೊಬ್ಬಳೇ, ನೀನು ಕರೆಸಿಕೊಳ್ಳದಿದ್ದರೆ ನನ್ನ ಮಗಳಾಗಿಯೇ ಇರಲಿ.

ಬರೆದು ಮುಗಿಸಿದಾಗ ಕಣ್ಣಲ್ಲಿ ನೀರಿತ್ತು, ತಾನೇ ಕಟ್ಟಿದ ಸುಳ್ಳಿಗೆ. ಒಂದು ದಪ್ಪ ಹಾಳೆಯನ್ನು ಹಳೆಯ ಪತ್ರಗಳ ಹಾಗೆ ಮಡಿಸಿದಳು. ಗ್ಯಾಸಿನ ಒಲೆಯ ಮೇಲೆ ಚಾಕು ಕಾಯಿಸಿ, ಗಟಾರದಲ್ಲಿ ಸಿಕ್ಕ ಅರಗಿನ ಬೆನ್ನಿಗೆ ತಾಗಿಸಿ, ಅದು ಮೆತ್ತಗಾದಾಗ ಹಾಳೆಯ ಮೇಲೆ ಒತ್ತಿ ಹಿಡಿದಳು. ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅದೇ ಕರೀ ಮುದ್ರೆ ಎಂದು ಅವಳಿಗೆ ಗುರುತು ಸಿಗದೆ ಇರಲಿಲ್ಲ. ಆದರೆ ಏನೂ ಕೇಳಲಿಲ್ಲ.

ಶನಿವಾರ ಇಂಚರಾ ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟಳು. ಶಮಂತ್ ಜೊತೆಗೆ ಬರುತ್ತೇನೆ ಅಂದ, ಬೇಡ ಅಂದಳು. ಸುಳ್ಳು ಹೇಳುವುದನ್ನು ಗಂಡ ನೋಡುವುದು ಅವಳಿಗೆ ಬೇಕಿರಲಿಲ್ಲ. ಮೂರು ಗಂಟೆಯ ದಾರಿಯಲ್ಲಿ ಎರಡು ಸಲ ಮನಸ್ಸು ಬದಲಾಯಿತು, ಎರಡು ಸಲ ಮೊದಲಿನ ಜಾಗಕ್ಕೇ ಬಂದು ನಿಂತಿತು.

ವಿಲ್ಮಾ ಹಾಸಿಗೆಯಲ್ಲಿ ಒಂದು ಮಡಿಸಿಟ್ಟ ಸೀರೆಯಷ್ಟೇ ಜಾಗ ಹಿಡಿದಿದ್ದಳು. ಮೂಗಿಗೆ ಆಮ್ಲಜನಕದ ಕೊಳವೆ. ಯಾರೋ ಅವಳ ಕೂದಲು ಬಾಚಿ, ಚರ್ಚಿಗೆ ಹೋಗುವಾಗ ಹಾಕುವಂಥ ನೀಲಿ ಅಂಗಿ ತೊಡಿಸಿದ್ದರು.

"ತಂದೆಯಾ?"

"ತಂದಿದ್ದೇನೆ, ಮಿಸ್ ವಿಲ್ಮಾ."

ಕೈ ಚಾಚಿದಳು. ಇಂಚರಾ ಮಡಿಸಿದ ಹಾಳೆಯನ್ನು ಆ ಕೈಯಲ್ಲಿಟ್ಟಳು. ಮುದುಕಿಯ ಹೆಬ್ಬೆರಳು ಅರಗಿನ ಸುತ್ತ ಒಮ್ಮೆ ಸುತ್ತಿ, ಕರಗಿ ಹರಡಿದ ಬದಿಯಲ್ಲಿ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ವಿಲ್ಮಾ ಎರಡೂ ಕೈಯಿಂದ ಮೊಹರು ಮುರಿದಳು. ಅದು ಚಿಟ್ ಅಂತು, ಅಷ್ಟೆ.

"ಓದು."

ಇಂಚರಾ ಓದಿದಳು. ಮೊದಲು ಜರ್ಮನ್, ಆಮೇಲೆ ಇಂಗ್ಲಿಷ್. ಧ್ವನಿ ನಡುಗಿದ್ದು ಒಳ್ಳೆಯದೇ ಆಯಿತು, ದುಃಖದ ಪತ್ರಕ್ಕೆ ಹೊಂದುವಂತಿತ್ತು. ಮುಗಿದಾಗ ವಿಲ್ಮಾಳ ಕುರುಡುಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಹಾಗಾದರೆ ಅಜ್ಜಿ ತಪ್ಪು ಓದಿದಳು," ಅಂದಳು.

ಇಂಚರಾಳಿಗೆ ಅರ್ಥವಾಗಲಿಲ್ಲ.

"ಆಗಸ್ಟಾ ಅಜ್ಜಿ. ಅದನ್ನು ಒಡೆದಿದ್ದಳು. ನನಗೆ ಎಂಟು ವರ್ಷ. ಅಡುಗೆಮನೆಯಲ್ಲಿ ಚಾಕು ಕಾಯಿಸಿ ಮೊಹರು ಎಬ್ಬಿಸಿದಳು, ಓದಿದಳು, ಮತ್ತೆ ಹಾಗೇ ಅಂಟಿಸಿದಳು. ನಾನು ಮೇಜಿನ ಕೆಳಗೆ ಕೂತಿದ್ದೆ. ನನ್ನನ್ನು ಹೊರಗೆ ಎಳೆದು, ಯಾರಿಗೂ ಹೇಳಬೇಡ ಅಂತ ಆಣೆ ಮಾಡಿಸಿಕೊಂಡಳು. ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. ನನಗೆ ಹೇಳಿಬಿಟ್ಟಳು."

"ಏನು ಹೇಳಿದರು?"

ವಿಲ್ಮಾ ಉಸಿರು ತೆಗೆದುಕೊಂಡಳು. ಒಂದೊಂದು ಮಾತಿಗೂ ನಡುವೆ ಬಿಡುವು ಬೇಕಾಗುತ್ತಿತ್ತು.

"ಮಗು ಸತ್ತಿತು ಅಂತ. ಒಂಬತ್ತು ದಿನ ಜ್ವರ. ಬೀದಿಯಲ್ಲಿ ಗಾಡಿಯ ಸದ್ದು ಕೇಳಿದಾಗೆಲ್ಲ ಎದ್ದು ಕೂತು, ಅಮ್ಮ ಬಂದಳಾ ಅಂತ ಕೇಳುತ್ತಿತ್ತಂತೆ. ಕೊನೆಯ ದಿನ ಆ ಗೆಳತಿ ತಡೆಯಲಾರದೆ, ಬಂದಳು, ಗಾಡಿ ಊರ ಬಾಗಿಲು ದಾಟಿದೆ, ಇನ್ನೇನು ಮೆಟ್ಟಿಲು ಹತ್ತುತ್ತಾಳೆ ಅಂತ ಸುಳ್ಳು ಹೇಳಿದಳಂತೆ. ಮಗು ಬಾಗಿಲು ನೋಡುತ್ತಲೇ ಹೋಯಿತು. ನಾನು ಸುಳ್ಳು ಹೇಳಿದೆ, ಕ್ಷಮಿಸು, ಅಂತ ಬರೆದಿತ್ತಂತೆ." ಅವಳು ನಿಲ್ಲಿಸಿದಳು. "ಎಂಬತ್ತಮೂರು ವರ್ಷ, ಮಗಳೇ. ಆ ಮಗು ನನ್ನ ಮನೆಯ ಬಾಗಿಲನ್ನೇ ನೋಡುತ್ತಿದೆ ಅಂತ ಅನ್ನಿಸುತ್ತಿತ್ತು. ಅಜ್ಜಿಗೆ ಹಳೇ ಬರಹ ಪೂರ್ತಿ ಬರುತ್ತಿರಲಿಲ್ಲ. ತಪ್ಪು ಓದಿರಲಿ ದೇವರೇ ಅಂತ ಬೇಡಿಕೊಂಡಿದ್ದೆ. ನೀನು ಕಲಿತವಳು. ನಿನ್ನದು ತಪ್ಪಾಗುವುದಿಲ್ಲ."

ಇದು ಬಾಯಿ ಬಿಡಬೇಕಾದ ಗಳಿಗೆ. ಇಂಚರಾ ಬಾಯಿ ತೆರೆದಳು ಕೂಡ. ಹಾಸಿಗೆಯ ಮೇಲಿನ ಮುಖ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಗೆ ಕಂಡಿರಲಿಲ್ಲ. ಅಷ್ಟು ಹಗುರಾಗಿತ್ತು.

"ಅವಳು ಎತ್ತರ ಆಗಿದ್ದಾಳೆ ಅನ್ನುವ ಸಾಲು, ಅದನ್ನು ಇನ್ನೊಮ್ಮೆ ಓದು," ಅಂದಳು ವಿಲ್ಮಾ.

ಇಂಚರಾ ಓದಿದಳು. ಮತ್ತೆ ಕೇಳಿದಾಗ ಮತ್ತೆ ಓದಿದಳು. ನಾಲ್ಕನೆಯ ಸಲಕ್ಕೆ ಮುದುಕಿಗೆ ನಿದ್ದೆ ಬಂದಿತ್ತು. ಹೊರಡುವಾಗ ನರ್ಸ್ ಬಂದು, ಆ ಕಾಗದವನ್ನು ತನ್ನ ಜೊತೆಗೇ ಹೂಳಬೇಕೆಂದು ಅವರು ಮೊದಲೇ ಹೇಳಿದ್ದಾರೆ, ಇಲ್ಲೇ ಬಿಟ್ಟುಹೋಗಿ ಅಂದಳು. ಇಂಚರಾ ಅದನ್ನು ಮಡಿಸಿ ಆ ಕೈಯಡಿಯಲ್ಲಿಟ್ಟಳು.

ವಾಪಸು ಬರುವಾಗ ಎರಡು ಕಡೆ ಕಾರು ನಿಲ್ಲಿಸಿದಳು, ಒಮ್ಮೆ ವಾಂತಿಗೆ, ಇನ್ನೊಮ್ಮೆ ಸುಮ್ಮನೆ. ಪತ್ರದಲ್ಲಿ ಇದ್ದದ್ದೇನೆಂದು ಈಗ ಅವಳಿಗೆ ಗೊತ್ತಿತ್ತು. ಇಡೀ ಪ್ರಪಂಚದಲ್ಲಿ ಅದು ಗೊತ್ತಿರುವುದು ಈಗ ಅವಳೊಬ್ಬಳಿಗೇ, ಯಾಕೆಂದರೆ ಗೊತ್ತಿದ್ದ ಇನ್ನೊಬ್ಬಳಿಂದ ಅದನ್ನು ಕಿತ್ತುಕೊಂಡು ಬಂದಿದ್ದಳು. ಕಾಗದವಾಗಿದ್ದರೆ ಹರಿದು ನೀರು ಸುರಿಯಬಹುದಿತ್ತು. ಅತ್ತೆ ಮನೆಯಿಂದ ಹೊರಗೆ ಹಾಕಿದ ಸಾವನ್ನು ಅವಳು ತಲೆಯಲ್ಲಿ ಹೊತ್ತು, ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು, ಅದೇ ಮನೆಗೆ ವಾಪಸು ತರುತ್ತಿದ್ದಳು. ಮೊದಲ ಸಲ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಇಂಚರಾ ಬಾಗಿಲ ಹೊರಗೇ ನಿಂತಳು. ಶಮಂತ್ ಟಿವಿಯ ಮುಂದಿನಿಂದಲೇ, ಬಂದ್ಯಾ ಅಂದ. ಬಾಗಿಲಿಗೆ ಬಂದದ್ದು ಶಾಂತವ್ವ. ಸೊಸೆಯ ಮುಖ ನೋಡಿದಳು.

"ಶಮಂತ ಹೇಳಿದ ಮುದುಕಿ ಹೋದ್ಲೇನು?"

"ಇಲ್ಲ."

"ಮತ್ಯಾರು?"

"ಒಂದು ಹುಡುಗಿ, ಅತ್ತೆ. ಒಂಬತ್ತು ವರ್ಷದವಳು. ಲೂಯಿಸಾ ಅಂತ."

"ಯಾವಾಗ?"

"ತುಂಬಾ ಹಿಂದೆ. ನನಗೆ ಇವತ್ತು ಗೊತ್ತಾಯ್ತು."

"ಸೂತಕಕ್ಕ ಸುದ್ದಿ ಕಿವಿಗೆ ಬಿದ್ದ ದಿನಾನ ಹಿಡೀಬೇಕು," ಅಂದಳು ಶಾಂತವ್ವ. "ಏನೂ ಮುಟ್ಟಬ್ಯಾಡ. ಸೀದಾ ಬಚ್ಚಲಕ್ಕ ನಡಿ."

ಇಂಚರಾ ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೂ ತಾಗದ ಹಾಗೆ ಒಳಗೆ ನಡೆದಳು. ಶಮಂತ್ ಏನೋ ಕೇಳಲು ಎದ್ದ, ಅವನ ತಾಯಿ ಕೈಸನ್ನೆಯಿಂದಲೇ ಕೂರಿಸಿದಳು. ಬಚ್ಚಲಲ್ಲಿ ಅತ್ತೆ ಆಗಲೇ ಬಕೆಟ್ ತುಂಬಿಸಿಟ್ಟಿದ್ದಳು. ಟವೆಲ್ ತಂದು ಬಾಗಿಲ ಹಿಡಿಕೆಗೆ ತೂಗುಹಾಕಿ, ಹೊರಗೇ ನಿಂತಳು.

"ಆ ಹುಡುಗಿಗೆ ತಾಯಿ ಇದ್ಲೇನು?" ಎಂದು ಬಾಗಿಲಾಚೆಯಿಂದ ಕೇಳಿದಳು.

"ಇದ್ದಳು. ಪತ್ರ ಅವಳಿಗೇ ಬಂದಿದ್ದು. ಅವಳು ಒಡೆಯಲೇ ಇಲ್ಲ."

"ಒಡದಿದ್ರ ಜಳಕಾ ಮಾಡಬೇಕಾಗತಿತ್ತಲ್ಲವಾ," ಅಂದಳು ಶಾಂತವ್ವ.

ಇಂಚರಾ ಚೊಂಬು ಎತ್ತಿ ತಲೆಯ ಮೇಲೆ ನೀರು ಸುರಿದುಕೊಂಡಳು.